ಉಡಿ ತುಂಬಿದ ಫೋಟೋ

ಹಿರೇಕೆರೂರಿನಲ್ಲಿ ಹೆಂಗಸೊಬ್ಬಳು ಕ್ಯಾಮೆರಾ ಹಿಡಿದದ್ದು ಕಂಡರೆ ಸಾಕು, ಪ್ರತಿಯೊಬ್ಬರ ಹತ್ತಿರವೂ ಒಂದು ಸಲಹೆ ತಯಾರಿರುತ್ತದೆ. "ಬಂಕಾಪುರಕ್ಕ ಹೋಗ್ರಿ, ನವಿಲ ತಗೀರಿ" ಎನ್ನುತ್ತಾರೆ. ಹಾಲು ಹಾಕುವವನೂ ಅದನ್ನೇ ಹೇಳಿದ, ಬ್ಯಾಂಕಿನ ಮ್ಯಾನೇಜರೂ ಅದನ್ನೇ ಹೇಳಿದರು. ಅಯ್ಯೋ ಮಾರಾಯರೇ, ನವಿಲಿನ ಫೋಟೋಗಳು ಲೋಕದಲ್ಲಿ ನವಿಲುಗಳಿಗಿಂತ ಹೆಚ್ಚಾಗಿವೆ. ನಾನು ತೆಗೆಯುವುದು ನಮ್ಮ ಮನೆಯೊಳಗೆ ಇರುವುದನ್ನು ಎಂದರೆ ಯಾರಿಗೂ ನಂಬಿಕೆ ಬರುತ್ತಿರಲಿಲ್ಲ. "ಮನ್ಯಾಗ ಏನೈತ್ರಿ ತಗಿಯಾಕ?" ಎಂದು ನಗುತ್ತಿದ್ದರು. ಮೊದಮೊದಲು ಬಿಡಿಸಿ ಹೇಳುತ್ತಿದ್ದೆ. ಈಗ ಆ ತಾಳ್ಮೆ ಉಳಿದಿಲ್ಲ.

ಕ್ಯಾಮೆರಾ ನನ್ನ ಗಂಡನದು. ಶಿಗ್ಗಾವಿಯ ಬಸ್ ನಿಲ್ದಾಣದ ಹಿಂದೆ ಅವರದೊಂದು ಸ್ಟುಡಿಯೋ ಇತ್ತು. ಮದುವೆ ಫೋಟೋ ಅವರು ತೆಗೆಯುತ್ತಿದ್ದರು, ಆಲ್ಬಮ್ ನಾನು ಮಾಡುತ್ತಿದ್ದೆ. ಒಂದು ಮದುವೆಯ ಮನೆಯಲ್ಲಿ ಊಟಕ್ಕೆ ಕೂತವರು ಎದೆ ಹಿಡಿದುಕೊಂಡು ಹಾಗೇ ವಾಲಿದರು. ಹುಬ್ಬಳ್ಳಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ದಿನಕರ್ಮ ಮುಗಿದ ಮೇಲೆ ಸ್ಟುಡಿಯೋದ ಕೀಲಿಕೈ ಮೈದುನನ ಜೇಬಿಗೆ ಹೋಯಿತು. ಕ್ಯಾಮೆರಾ ಮಾತ್ರ ನನ್ನ ಚೀಲದಲ್ಲಿ ಉಳಿದಿತ್ತು, ಅದನ್ನು ಕೇಳುವುದು ಅತ್ತೆಯ ಮನೆಯವರಿಗೆ ನೆನಪಾಗಲಿಲ್ಲ. ನಾನೂ ನೆನಪು ಮಾಡಿಕೊಡಲಿಲ್ಲ. ಯಾಕೆ ಮಾಡಿಕೊಡಲಿ?

ತವರಿಗೆ ಬಂದಾಗ ಅವ್ವ ಬಾಗಿಲಲ್ಲಿ ನಿಂತಿದ್ದಳು. ಅಪ್ಪ ತೀರಿಹೋಗಿ ಆಗಲೇ ವರ್ಷಗಳಾಗಿದ್ದವು. ಅಣ್ಣ ಹೆಂಡತಿ ಮಕ್ಕಳೊಂದಿಗೆ ಹಾನಗಲ್ಲಿನಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟು ಅಲ್ಲೇ ಮನೆ ಕಟ್ಟಿಸಿಕೊಂಡಿದ್ದ. ಅವ್ವ ನನ್ನ ಚೀಲ ಇಸಿದುಕೊಂಡು, "ಯಾರ ಏನ ಅಂದ್ರೂ ನೀ ತಲಿ ಕೆಡಿಸ್ಕೋಬ್ಯಾಡ. ನಿನ್ನ ಬೆನ್ನಿಗೆ ನಾ ಅದೇನಿ" ಎಂದಳು. ಶಿಗ್ಗಾವಿಯಲ್ಲಿ ನನ್ನ ಪರವಾಗಿ ಒಂದು ಮಾತು ಆಡಿದವರು ಯಾರೂ ಇರಲಿಲ್ಲ. ಅವ್ವನ ಆ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಮುಂದಿನ ಎಲ್ಲವನ್ನೂ ಅದರ ಮೇಲೇ ಕಟ್ಟಿದೆ, ಅದಕ್ಕೇ ಇಷ್ಟು ಉರಿಯುತ್ತದೆ.

ಸ್ಟಾಕ್ ಫೋಟೋ ಎಂದರೆ ಏನೆಂದು ನನಗೆ ಗೊತ್ತಾದದ್ದು ಸ್ಟುಡಿಯೋ ದಿನಗಳಲ್ಲಿ. ಫೋಟೋ ತೆಗೆದು ಅದಕ್ಕೆಂದೇ ಇರುವ ಸೈಟಿನಲ್ಲಿ ಹಾಕಿಟ್ಟರೆ, ಎಲ್ಲಿಯವರೋ ಎಂದೋ ಕೊಂಡು ತಮ್ಮ ಜಾಹೀರಾತಿಗೆ, ಪುಸ್ತಕಕ್ಕೆ, ಶುಭಾಶಯದ ಕಾರ್ಡಿಗೆ ಬಳಸಿಕೊಳ್ಳುತ್ತಾರೆ. ಕೊಂಡಾಗಲೆಲ್ಲ ತೆಗೆದವರಿಗೆ ಚೂರುಪಾರು ಬರುತ್ತದೆ. ಯಾರ ಮದುವೆ ಮನೆಯ ಜಗಲಿಯನ್ನೂ ಕಾಯಬೇಕಾಗಿಲ್ಲ. ಗಂಡ ಸತ್ತವಳು ಮಂಟಪದೊಳಗೆ ಕ್ಯಾಮೆರಾ ಹಿಡಿದು ಓಡಾಡಿದರೆ ಯಾರ ಮುಖ ಹೇಗಾಗುತ್ತದೆ ಎಂದು ನೋಡಬೇಕಾಗಿಲ್ಲ.

ಮೊದಲ ಸಲ ಕಳಿಸಿದ್ದೆಲ್ಲ ತಿರುಗಿ ಬಂತು. ದಾಸವಾಳ, ಬೆಕ್ಕು, ಮಾಳಿಗೆಯ ಮೇಲಿನ ಸೂರ್ಯಾಸ್ತ, ಯಾವುದೂ ಬೇಡವಂತೆ. ಇಂಥವು ಬೇಕಾದಷ್ಟಿವೆ ಎಂದು ಬರೆದಿದ್ದರು. ಸಿಟ್ಟು ನೆತ್ತಿಗೇರಿತು. ನಾನು ಕಷ್ಟಪಟ್ಟು ತೆಗೆದ ಬೆಕ್ಕು, ಅದು ಕೂಡ ಒಂದು ಕಡೆ ಕೂರದ ಬೆಕ್ಕು! ಆಮೇಲೆ ಕೂತು ಜನ ಏನನ್ನು ಕೊಳ್ಳುತ್ತಾರೆ ಎಂದು ನೋಡತೊಡಗಿದೆ. ನಿಧಾನವಾಗಿ ಗೊತ್ತಾಯಿತು: ಅವರಿಗೆ ಚೆಂದದ ವಸ್ತು ಬೇಡ, ಕೆಲಸಕ್ಕೆ ಬರುವ ವಸ್ತು ಬೇಕು. ತವೆಯ ಮೇಲೆ ಉಬ್ಬುತ್ತಿರುವ ಜೋಳದ ರೊಟ್ಟಿ. ಖಾರದ ಪುಡಿ ಜರಡಿ ಹಿಡಿಯುವ ಕೈ. ಕ್ಯಾಲೆಂಡರಿನ ತಾರೀಖಿಗೆ ಸುತ್ತು ಹಾಕುವ ಪೆನ್ನು. ಗುಳಿಗೆ ಎಣಿಸಿಕೊಳ್ಳುವ ಮುದಿ ಬೆರಳು. ಮಾಳಿಗೆಯಲ್ಲಿ ಒಣಗಲು ಹರಡಿದ ಗೋವಿನಜೋಳ. ಅಂದರೆ ನಾವು ದಿನಾ ಮಾಡುವುದೇ, ಆದರೆ ಬೆಳಕು ಹಿಡಿದು ನಿಲ್ಲಿಸಿ ಮಾಡುವುದು.

ನಮ್ಮ ಪಡಸಾಲೆಯ ಕಿಟಕಿಗೆ ಬೆಳಿಗ್ಗೆ ಒಳ್ಳೆಯ ಬಿಸಿಲು ಬೀಳುತ್ತದೆ. ಅಪ್ಪನ ಹಳೆಯ ಧೋತರ ಅಡ್ಡ ಕಟ್ಟಿದರೆ ಆ ಬಿಸಿಲು ಹಾಲಿನಷ್ಟು ಮೆತ್ತಗಾಗುತ್ತದೆ. ಸ್ಟ್ಯಾಂಡಿಗೆ ಕ್ಯಾಮೆರಾ ಸಿಕ್ಕಿಸಿ, ಟೈಮರ್ ಒತ್ತಿ, ಓಡಿಬಂದು ನನ್ನ ಕೈಯನ್ನೇ ಹಿಡಿಯುತ್ತಿದ್ದೆ. ಮುಖ ಬಂದರೆ ಮುಖದವರ ಒಪ್ಪಿಗೆಯ ಕಾಗದ ಬೇಕು, ಆ ಗೋಜು ನನಗೆ ಬೇಡವಾಗಿತ್ತು. ಬರೀ ಕೈ. ಶಿಗ್ಗಾವಿಯಲ್ಲಿ ಲ್ಯಾಮಿನೇಷನ್ ಮಷಿನ್ ತಾಗಿ ಎಡ ಮಣಿಕಟ್ಟಿನ ಮೇಲೆ ಒಂದು ಸುಟ್ಟ ಗುರುತು ಆಗಿತ್ತು. ಕಂಪ್ಯೂಟರಿನಲ್ಲಿ ಅದನ್ನು ಅಳಿಸಲು ನನಗೆ ಚೆನ್ನಾಗಿಯೇ ಬರುತ್ತದೆ. ಆದರೆ ಕೈ ಕೈಯಂತೆಯೇ ಕಾಣಲಿ ಎಂದು ಬಿಟ್ಟಿದ್ದೆ.

ಅವ್ವ ಮೊದಲು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ಅಲ್ಲಬೇ, ರೊಟ್ಟಿ ಒಂದ ಮೂಲಿಗೆ ಇಟ್ಟು ಖಾಲಿ ಗ್ವಾಡಿ ಯಾಕ ತಗೀತಿ?"

"ಆ ಖಾಲಿ ಜಾಗದಾಗ ಅವ್ರು ತಮ್ಮ ಅಕ್ಷರ ಬರಕೋತಾರವ್ವಾ. ಖಾಲಿ ಜಾಗಕ್ಕ ರೊಕ್ಕ ಕೊಡ್ತಾರ."

"ಹಂಗಾದ್ರ ಬಿಡು, ನಮ್ಮನ್ಯಾಗ ಅದೊಂದು ಬೇಕಾದಷ್ಟೈತಿ" ಎಂದು ನಕ್ಕಳು.

ಆಮೇಲೆ ಅವಳಿಗೆ ಹುಚ್ಚೇ ಹಿಡಿಯಿತು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಪೂಜೆ ಮುಗಿಸಿ ಏಳುವಷ್ಟರಲ್ಲಿ ಒಂದು ಹೊಸ ವಿಚಾರ ಸಿದ್ಧವಾಗಿರುತ್ತಿತ್ತು. "ಇವತ್ತ ಶೇಂಗಾ ಹುರೀತೇನಿ, ಹೊಟ್ಟ ಹಾರಸೂದನ್ನ ತಗಿ." "ಗುರೆಳ್ಳ ಕುಟ್ಟೂ ಮುಂದ ಒರಳಿನ ಬಾಯಾಗಿಂದ ತಗದ್ರ ಹೆಂಗಿರ್ತೈತಿ?" ಎಂದು ಕೇಳುತ್ತಿದ್ದಳು. ಚಿತ್ರದೊಳಗೆ ಪ್ಲಾಸ್ಟಿಕ್ ಚೀಲ ಬಂದಿದ್ದರೆ ನನಗಿಂತ ಮೊದಲೇ ಕಂಡು ಎಳೆದು ಹಾಕುವಳು. ಗುಳಿಗೆ ಎಣಿಸುವ ಆ ಮುದಿ ಬೆರಳು ಅವಳದ್ದೇ. ಅದು ಮೊದಲು ಮಾರಾಟವಾದ ದಿನ ಓಣಿಗೆಲ್ಲ ಹೇಳಿಕೊಂಡು ಬಂದಳು. ಮದುವೆಗೆ ಮುಂಚೆಯೂ ನಾವಿಬ್ಬರೂ ಹಾಗೆ ನಕ್ಕಿರಲಿಲ್ಲ. ನಾನು ಸುಖವಾಗಿದ್ದೆ. ಸುಳ್ಳು ಯಾಕೆ ಹೇಳಲಿ, ಬಹಳ ಸುಖವಾಗಿದ್ದೆ.

ಹಬ್ಬದ ಫೋಟೋಗಳನ್ನು ಹಬ್ಬಕ್ಕಿಂತ ತಿಂಗಳುಗಟ್ಟಲೆ ಮೊದಲೇ ಹಾಕಬೇಕು, ಕೊಳ್ಳುವವರು ಮುಂಚೆಯೇ ಹುಡುಕುತ್ತಾರೆ. ಬೇಸಿಗೆಯಲ್ಲಿ ಒಂದು ದಿನ ನಾಗರ ಪಂಚಮಿಗೆ ಏನು ತೆಗೆಯೋಣ ಎಂದು ಯೋಚಿಸುತ್ತಿದ್ದಾಗ ಅವ್ವ ಬೀಸುಕಲ್ಲಿನ ಪಕ್ಕದಿಂದ ಹೇಳಿದಳು:

"ಉಡಿ ತುಂಬೂದ ತಗಿ. ನಮ್ಮ ಕಡೀ ಉಡಿ ಯಾರರ ತಗದಾರೇನ ನೋಡು."

ನೋಡಿದೆ. ಅಷ್ಟೊಂದು ದೊಡ್ಡ ಸೈಟಿನಲ್ಲಿ ನಮ್ಮ ಕಡೆಯ ಉಡಿ ಒಂದೂ ಇರಲಿಲ್ಲ. ಖಣದ ಕುಪ್ಪಸ, ಅಕ್ಕಿ, ಕೊಬ್ಬರಿ, ಉತ್ತತ್ತಿ, ಅಡಿಕೆ, ಎಲೆ, ಸೆರಗೊಡ್ಡಿ ಹಿಡಿದ ಎರಡು ಕೈ. ಕಣ್ಣ ಮುಂದೆ ಫೋಟೋ ಬಂದು ನಿಂತುಬಿಟ್ಟಿತು. ಆದರೆ ಕೈ ಯಾರದು? ಉಡಿ ತುಂಬಿಸಿಕೊಳ್ಳುವವಳು ಮುತ್ತೈದೆ, ತುಂಬುವವಳೂ ಮುತ್ತೈದೆ. ಮನೆಯಲ್ಲಿ ನಾವಿಬ್ಬರೇ, ಇಬ್ಬರೂ ಗಂಡನನ್ನು ಕಳಕೊಂಡವರು. ಪಕ್ಕದ ಮನೆಯವಳನ್ನು ಕೇಳಿದೆ. ಉಡಿಯನ್ನೆಲ್ಲ ಆಟಕ್ಕೆ ತುಂಬಬಾರದು ಎಂದಳು. ಇನ್ನೊಬ್ಬಳನ್ನು ಕೇಳುವ ಮನಸ್ಸಾಗಲಿಲ್ಲ.

"ನಿನ್ನ ಕೈಯಿಗೆ ಏನಾಗೇತಿ?" ಎಂದಳು ಅವ್ವ.

ನಾನು ಅವಳ ಮುಖ ನೋಡಿದೆ. ನನ್ನ ಕೈಯಲ್ಲಿ ಬಂಗಾರದ ನೀರು ಕುಡಿಸಿದ ಒಂದು ಬಳೆ ಇತ್ತು, ಅದಕ್ಕೆ ಯಾರ ಆಕ್ಷೇಪವೂ ಇಲ್ಲ. ಹಸಿರು ಗಾಜಿನ ಬಳೆಯ ಮಾತೇ ಬೇರೆ. ಅದನ್ನು ಶಿಗ್ಗಾವಿಯಲ್ಲಿ ತೆಗೆಸಿದ್ದರು, ಹೇಗೆ ತೆಗೆಸಿದರು ಎಂದು ಬರೆಯಲು ನನಗೆ ಇಷ್ಟವಿಲ್ಲ.

"ಮುಖ ಬರೂದಿಲ್ಲ ಹೌದಿಲ್ಲೋ? ಕೈಯಿಗೆ ಹೆಸರ ಬರದಿರ್ತೈತೇನು?"

ಮುಂದಿನ ಸಂತೆಯಲ್ಲಿ ಅವ್ವ ತಾನೇ ಹೋಗಿ ಬಳೆ ತಂದಳು. ಬಳೆಗಾರನಿಗೆ ಸೊಸೆಗೆ ಎಂದು ಹೇಳಿದಳಂತೆ. ಅಳತೆಗೆ ನನ್ನ ಆ ಒಂದು ಬಳೆಯನ್ನೇ ಒಯ್ದಿದ್ದಳು. ಮನೆಗೆ ಬಂದು ಮುಂಬಾಗಿಲ ಚಿಲಕ ಹಾಕಿ, ನನ್ನ ಕೈಗೆ ಸೋಪು ಹಚ್ಚಿ, ಒಂದೊಂದೇ ಏರಿಸಿದಳು. ಬೆರಳ ಗಂಟಿನ ಹತ್ತಿರ ಬಿಗಿಯಾದಾಗ, "ಕೈ ಸಡ್ಲ ಬಿಡ, ಗಟ್ಟಿ ಹಿಡೀಬ್ಯಾಡ" ಎಂದು ಚಿಕ್ಕಂದಿನಲ್ಲಿ ಗದರುತ್ತಿದ್ದ ಹಾಗೇ ಗದರಿದಳು. ಬಳೆ ಇಟ್ಟುಕೊಂಡ ಮೇಲೆ ಇಡಿಸಿದವರಿಗೆ ನಮಸ್ಕಾರ ಮಾಡುವುದು ನಮ್ಮಲ್ಲಿ ರೂಢಿ. ನನಗೆ ಅರಿವಿಲ್ಲದೆಯೇ ಬಗ್ಗಿ ಅವಳ ಕಾಲು ಮುಟ್ಟಿದೆ. ಅವಳೂ ರೂಢಿಯಂತೆ ತಲೆಯ ಮೇಲೆ ಕೈಯಿಟ್ಟು, "ಮುತ್ತೈದಿಯಾಗಿ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ನನಗೆ ಅಳು ಬಂತು. ಅವಳಿಗೂ ಬಂದಿತ್ತು, ಬೆಳಕು ಹೋಗುತ್ತದೆ ಏಳು ಎಂದು ಸೆರಗಿನಿಂದ ಮೂಗು ಒರೆಸಿಕೊಂಡಳು.

ನನ್ನ ಇಳಕಲ್ಲ ಸೀರೆ ಉಟ್ಟು ಮಣೆಯ ಮೇಲೆ ಕೂತೆ. ಪಕ್ಕದಲ್ಲಿ ಹೊಳೆಯುವ ಒಂದು ತಂಬಿಗೆ ಇದ್ದರೆ ಚೆಂದ ಎಂದು ಅವ್ವ ಟ್ರಂಕಿನಿಂದ ಹೊಸದೊಂದನ್ನು ತೆಗೆದು ನೀರು ತುಂಬಿ ಎಲೆ ಇಟ್ಟಳು. ನಾನು ಸೆರಗೊಡ್ಡಿದೆ. ಸೆರಗಿನಲ್ಲಿ ವಸ್ತುಗಳನ್ನು ಸುಮ್ಮನೆ ಜೋಡಿಸಿದ್ದರೂ ಫೋಟೋ ಬರುತ್ತಿತ್ತು. ಅವ್ವ ಜೋಡಿಸಲಿಲ್ಲ, ತುಂಬಿದಳು. ಕುಪ್ಪಸದ ಖಣವಿಟ್ಟು, ಎರಡೂ ಕೈಯಿಂದ ಅಕ್ಕಿ ಸುರಿದು, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ ಒಂದಾದ ಮೇಲೊಂದು, ತುಟಿಯಲ್ಲಿ ಏನೋ ಅಂದುಕೊಳ್ಳುತ್ತ ತುಂಬಿದಳು. ಆಮೇಲೆ ನಾನು ಹೇಳಿಕೊಟ್ಟಂತೆ ಟೈಮರ್ ಒತ್ತಿ ಪಕ್ಕಕ್ಕೆ ಸರಿದಳು. ಟೈಮರ್ ಟಿಕ್ ಟಿಕ್ ಎನ್ನುತ್ತಿತ್ತು.

ಮುಗಿದ ಮೇಲೆ ಬಳೆ ತೆಗೆಯಲು ಹೋದೆ. "ಇರ್ಲಿ ಬಿಡು, ದೀಪಾ ಹಚ್ಚೂತನಕ ಇರ್ಲಿ. ಯಾರ ಬರ್ತಾರ" ಎಂದಳು. ಆ ಮಧ್ಯಾಹ್ನ ನಾನು ಬಳೆ ಹಾಕಿಕೊಂಡೇ ಚಹಾ ಮಾಡಿದೆ, ಪಾತ್ರೆ ತಿಕ್ಕಿದೆ, ಬೇಕೆಂದೇ ಎರಡು ಸಲ ತಿಕ್ಕಿದೆ. ಆ ಸದ್ದು ನನಗೆ ಎಷ್ಟು ಬೇಕಾಗಿತ್ತು ಎಂದು ಕೇಳಿಸಿಕೊಂಡಾಗಲೇ ಗೊತ್ತಾದದ್ದು.

ಫೋಟೋ ಒಂದೇ ಸಲಕ್ಕೆ ಪಾಸಾಯಿತು. ಸೈಟಿನವರು ಬಹಳ ಕಟ್ಟುನಿಟ್ಟು, ಬಿಸ್ಕೀಟು ಪಾಕೀಟಿನ ಹೆಸರು ಮೂಲೆಯಲ್ಲಿ ಕಂಡರೂ ತಿರುಗಿ ಕಳಿಸುತ್ತಾರೆ. ಆದರೆ ತಂಬಿಗೆಯ ಕಂಠದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಅವರಿಗೆ ಬಳ್ಳಿಯ ಚಿತ್ತಾರವಾಗಿ ಕಂಡಿರಬೇಕು. ಅವರನ್ನು ಯಾಕೆ ಅನ್ನಲಿ, ನನಗೂ ಕಾಣಲಿಲ್ಲ, ಅವ್ವನಿಗೂ ಕಾಣಲಿಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹೆಸರು ಕೊರೆಸದ ಪಾತ್ರೆ ಎಲ್ಲಿದೆ? ಮದುವೆಯದು, ತೊಟ್ಟಿಲದ್ದು, ಮನೆಶಾಂತಿಯದು, ಕೊಟ್ಟವರ ಹೆಸರು ಪ್ರತಿಯೊಂದರ ಮೇಲೂ ಇರುತ್ತದೆ. ಅವುಗಳಿಂದಲೇ ನೀರು ಕುಡಿಯುತ್ತೇವೆ, ಓದುವುದಿಲ್ಲ. ಈ ತಂಬಿಗೆ ಅಣ್ಣ ಹಾನಗಲ್ಲಿನ ಹೊಸ ಮನೆಯ ಶಾಂತಿಗೆ ಬಂದವರಿಗೆಲ್ಲ ಹಂಚಿದ್ದು. ಅದರ ಮೇಲೆ ಅವನ ಹೆಸರೂ ಅವನ ಹೆಂಡತಿ, ನಮ್ಮ ವೈನಿಯ ಹೆಸರೂ ಜೋಡಿಯಾಗಿ ಇದ್ದವು.

ಪಂಚಮಿ ಹತ್ತಿರ ಬಂದಾಗ ಸವಣೂರಿನ ಒಂದು ಬಟ್ಟೆ ಅಂಗಡಿಯವರು ದೊಡ್ಡ ಫ್ಲೆಕ್ಸ್ ಕಟ್ಟಿಸಿದರು. ಕೊಂಡರೋ ಕದ್ದರೋ, ದೇವರಿಗೇ ಗೊತ್ತು. ಆಳೆತ್ತರದ ಫ್ಲೆಕ್ಸಿನಲ್ಲಿ ಚುಕ್ಕಿ ಕೂಡ ಅಕ್ಷರವಾಗಿ ನಿಲ್ಲುತ್ತದೆ. ಸವಣೂರು ವೈನಿಯ ತವರು. ಅವರ ಚಿಗವ್ವ ಅದನ್ನು ಕಂಡು ಖುಷಿಯಿಂದಲೇ ಮೊಬೈಲಿನಲ್ಲಿ ತೆಗೆದು, ನಿಮ್ಮ ತಂಬಿಗೆ ಫ್ಲೆಕ್ಸಿನ ಮೇಲೆ ಬಂದಿದೆ ನೋಡು ಎಂದು ವೈನಿಗೆ ಕಳಿಸಿದರು. ನಮ್ಮ ಬಳಗದಲ್ಲಿ ಕ್ಯಾಮೆರಾ ಹಿಡಿಯುವವಳು ನಾನೊಬ್ಬಳೇ. ವೈನಿ ಮೊದಲು ತಂಬಿಗೆ ನೋಡಿದರು, ಆಮೇಲೆ ಮಣಿಕಟ್ಟು ನೋಡಿದರು. ಆ ಸುಟ್ಟ ಗಾಯಕ್ಕೆ ಹಿಂದೊಮ್ಮೆ ಮುಲಾಮು ಹಚ್ಚಿದವರೂ ಅವರೇ.

ಪಂಚಮಿಗೆ ಅಣ್ಣಂದಿರು ತಂಗಿಯರನ್ನು ಕರೆಯಲು ಬರುತ್ತಾರೆ. ನಮ್ಮಣ್ಣ ವೈನಿಯನ್ನು ಕರೆದುಕೊಂಡು ಬಂದದ್ದು ವಿಚಾರಣೆಗೆ. ಕಾಲಿಗೆ ನೀರು ಕೂಡ ಹಾಕಿಕೊಳ್ಳದೆ ಪಡಸಾಲೆಯಲ್ಲಿ ನಿಂತು ಮೊಬೈಲು ನನ್ನ ಮುಖಕ್ಕೆ ಹಿಡಿದ.

"ಇದು ಯಾರ ಕೈ?"

"ನಂದು" ಎಂದೆ. ನನಗೆ ಹೆದರಿಕೆಯಾಗಿರಲಿಲ್ಲ.

"ನಾಚಿಕಿ ಬರೂದಿಲ್ಲೇನ ನಿನಗ? ಮಂದಿ ಬಾಯಾಗ ನಮ್ಮನ್ನ ಹಾಕೀದಿ. ನನ್ನ ಹೆಸರು, ಅಕೀ ಹೆಸರು, ಮಗ್ಗಲಕ ನಿನ್ನ ಕೈ!"

ವೈನಿ ತಗ್ಗಿದ ದನಿಯಲ್ಲಿ, "ನಮ್ಮ ತಂಗೀದು ನಿಶ್ಚಯ ಐತ್ರಿ ಮುಂದಿನ ತಿಂಗಳ. ಬೀಗರ ಕಡ್ಯಾವ್ರು ಅಪಶಕುನ ಅಂದ್ರ ಏನ ಹೇಳೂದ್ರಿ ಅತ್ತಿ?" ಎಂದು ಅವ್ವನ ಕಡೆ ತಿರುಗಿದರು. ಅವರ ಗಾಬರಿಯನ್ನು ನಾನು ಸುಳ್ಳೆನ್ನುವುದಿಲ್ಲ.

"ಫೋಟೋಕ್ಕ ಹಾಕ್ಕೊಂಡಿದ್ದು ಯಣ್ಣಾ. ನಾ ಒಬ್ಬಾಕೀನ..." ಎಂದು ಶುರುಮಾಡಿ ನಿಲ್ಲಿಸಿದೆ. ಮುಂದಿನದು ನಾನು ಹೇಳುವ ಮಾತಲ್ಲ, ಅವ್ವ ಹೇಳುವ ಮಾತು. ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಅವಳ ಕಡೆ ನೋಡಿದೆ. ಅವಳು ಬಾಯಿ ಬಿಟ್ಟರೆ ಸಾಕು, ನಾನೇ ತಂದೆ, ನಾನೇ ಹಾಕಿದೆ ಎಂದರೆ ಸಾಕು, ಅಣ್ಣನ ಹಾರಾಟ ಅಲ್ಲಿಗೇ ತಣ್ಣಗಾಗುತ್ತದೆ. ಅವ್ವನ ಎದುರು ಅವನು ಎಂದೂ ದನಿ ಏರಿಸಿದವನಲ್ಲ.

"ನಿನಗ ಗೊತ್ತಿತ್ತೇನವ್ವಾ?" ಎಂದು ಅವನೇ ಕೇಳಿದ.

"ನನಗೇನ ಗೊತ್ತೋ ಎಪ್ಪಾ" ಎಂದಳು ಅವ್ವ. "ನಾ ಸಂತಿಗೆ ಹೋಗಿದ್ದೆ. ಬರೂದ್ರೊಳಗ ಎಲ್ಲಾ ಮುಗಿಸಿ ಕುಂತಿದ್ಲು. ಬ್ಯಾಡ ಬ್ಯಾಡ ಅಂತ ಮೊದಲಿಂದ ಹೇಳೇನಿ. ನನ್ನ ಮಾತ ಎಲ್ಲಿ ಕೇಳತಾಳ?"

ಹೆದರಿ ಸುಮ್ಮನಾಗಿದ್ದರೆ ಅರ್ಥವಾಗುತ್ತಿತ್ತು. ಇವಳು ಹೆದರಿ ಸುಮ್ಮನಾಗಲಿಲ್ಲ, ಸಂತೆಯನ್ನು ಸೇರಿಸಿ, ಬೇಡವೆಂದದ್ದನ್ನು ಸೇರಿಸಿ, ಕಣ್ಣು ಪಿಳುಕಿಸದೆ ಕಥೆ ಕಟ್ಟಿದಳು. "ಯವ್ವಾ!" ಎಂದು ಕೂಗಿದೆ. ಅವಳು ನನ್ನ ಕಡೆ ತಿರುಗಲಿಲ್ಲ. ಬರ್ರಿ, ಕುಂದರ್ರಿ, ಚಹಾ ಮಾಡತೇನಿ ಎಂದು ವೈನಿಯ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಇವಳ ಸುಳ್ಳನ್ನು ಅಲ್ಲೇ ಬಯಲು ಮಾಡಬಹುದಿತ್ತು. ಬಳೆಗಾರನನ್ನು ಕರೆಸಿ ಕೇಳು ಎನ್ನಬಹುದಿತ್ತು. ಫೋಟೋ ಅಳಿಸಿಹಾಕು ಎಂದ ಅಣ್ಣ. ಸೈಟಿನಿಂದ ತೆಗೆಯಬಹುದು, ಆದರೆ ಈಗಾಗಲೇ ಹೋದದ್ದು ತಿರುಗಿ ಬರುವುದಿಲ್ಲ ಎಂದೆ. ಹಾಗಾದರೆ ಇನ್ನು ಮುಂದೆ ಈ ಮನೆಯಲ್ಲಿ ಕ್ಯಾಮೆರಾ ಕಾಣಬಾರದು ಎಂದ. "ಅದು ನನ್ನ ಗಂಡಂದು. ನಿನ್ನಪ್ಪಂದಲ್ಲ" ಎಂದೆ. ಸಿಟ್ಟಿನಲ್ಲಿ ಅವನಪ್ಪನೇ ನನ್ನಪ್ಪ ಎನ್ನುವುದೂ ಮರೆತಿತ್ತು. ಸಂಜೆಯ ಬಸ್ಸಿಗೆ ಅವರು ಹೋದರು. ಹೋಗುವಾಗ ಅವ್ವ ಮೊಮ್ಮಕ್ಕಳಿಗೆಂದು ಶೇಂಗಾ ಉಂಡಿಯ ಡಬ್ಬಿ ಕೊಟ್ಟು ಬಸ್ ನಿಲ್ದಾಣದವರೆಗೆ ನಡೆದಳು.

ಮರುದಿನ ಬೆಳಿಗ್ಗೆ ಅವಳು ಒಲೆಯ ಮುಂದೆ ಏನೂ ಆಗಿಲ್ಲವೆಂಬಂತೆ ರೊಟ್ಟಿ ಬಡಿಯುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಯಾಕ ಹಂಗಂದಿ ಯವ್ವಾ? ಬಳಿ ತಂದಾಕಿ ನೀನ. ಹಾಕಿದಾಕಿ ನೀನ. ಉಡಿ ತುಂಬಿದಾಕಿ ನೀನ."

ಅವಳು ಹಿಟ್ಟು ನಾದುತ್ತಲೇ ಇದ್ದಳು.

"ನಿನ್ನ ಕೇಳಾಕತ್ತೇನಿ."

"ಮತ್ತೇನ ಅನ್ಬೇಕಿತ್ತ? ಹೌದು ಅಂದಿದ್ರ ಅವ ಎದ್ದ ಹೋಗಿಬಿಡತಿದ್ದ. ಅಂವ ನನ್ನ ಮಗ. ನಾಳೆ ನಾ ಸತ್ರ ನನಗ ಮಣ್ಣ ಕೊಡಾವ ಅವನ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ನಾ ಇಲ್ಲೇನ? ದಿನಾ ನಿನ್ನ ಕಾಲ ಒತ್ತಾಕಿ ಯಾರು, ದವಾಖಾನಿಗೆ ಕರ್ಕೊಂಡ ಹೋಗಾಕಿ ಯಾರು? ಅಂವ ಬರದಿದ್ರ ನಾ ಕೊಡತೇನಿ ಮಣ್ಣ."

ಆಗ ಅವ್ವನ ಕೈ ನಿಂತಿತು. ಬೆಳಿಗ್ಗೆಯಿಂದ ಮೊದಲ ಸಲ ನನ್ನ ಕಡೆ ತಿರುಗಿದಳು.

"ಛೀ, ಬಿಡ್ತ ಅನ್ನ. ಮುಂಡಿ ಕೈಲೆ ಮಣ್ಣ ಬಿದ್ರ ನನಗ ಗತಿ ಐತೇನ?"

ಆ ಶಬ್ದವನ್ನು ಶಿಗ್ಗಾವಿಯಲ್ಲಿ ನನ್ನ ಅತ್ತೆ ಅಂದಿರಲಿಲ್ಲ. ಮೈದುನ ಅಂದಿರಲಿಲ್ಲ. ನಿನ್ನೆ ಅಷ್ಟು ಹಾರಾಡಿದ ಅಣ್ಣನೂ ಅಂದಿರಲಿಲ್ಲ. ಅವಳಿಗೆ ತಾನು ಏನಂದೆ ಎಂಬುದೂ ತಿಳಿದಿರಲಿಲ್ಲ. ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು, ಅದು ಚೆನ್ನಾಗಿ ಉಬ್ಬಿತು. ತೆಗೆದು ನನ್ನ ತಾಟಿಗೆ ಹಾಕಿ, ಮೇಲೆ ಬೆಣ್ಣೆ ಇಟ್ಟು, "ಉಣ್ಣ, ಆರತೈತಿ" ಎಂದಳು.

ನನಗೆ ಎದ್ದು ಹೋಗಲು ಬೇರೆ ಮನೆ ಇರಲಿಲ್ಲ. ಕೂತು ಉಂಡೆ.